ಶೇಂಗಾ ಚಟ್ನಿಯೊಳಗಿನ ಮೀನು

ಹಲೋ… ಹಲೋ, ಯಾರ್ರಿ ಮಾತಾಡೋದು? ಶಿರೂರ ಮಾಳಿಂಗರಾಯ ಮಹಾರಾಜ್ರ ಮನೀನ ಅಲ್ಲೇನ್ರಿ ಇದು?…

ಹಾಂ, ಸೊಸೀನಾ? ವಿದ್ಯಾ ಅಲ್ಲಾ ನೀನು? ಯವ್ವಾ ವಿದ್ಯಾ, ನಾ ಮರೋಳದಿಂದ ಕನಕಪ್ಪ. ಹುಚ್ಚವ್ವನ ಗಂಡ. ಪ್ರತಿ ವರ್ಷ ನಿಮ್ಮ ಮಾವನ ದಿಂಡಿ ಸಂಗಾಟ ಪಂಢರಪುರಕ್ಕ ನಡಕೋತ ಬರತಿದ್ಲಲ್ಲ, ಎತ್ತರ, ತೆಳ್ಳಗ, ತಲಿಮ್ಯಾಗ ತುಳಸಿ ಹೊತಗೊಂಡ… ಹಾಂ, ಆಕೀನ. ಮಹಾರಾಜ್ರ ಅದಾರೇನು?…

ಪೂಜಿಗೆ ಕುಂತಾರಾ? ಎಷ್ಟೊತ್ತ ಆಗತೈತವ್ವಾ?… ಇಲ್ಲವ್ವಾ, ಆಮ್ಯಾಗ ಮಾಡಾಕ ಬರೂದಿಲ್ಲ. ನಮ್ಮದು ಮಾಳಗಿ ಮನಿ, ಗ್ವಾಡಿ ಎರಡ ಮಳ ದಪ್ಪ, ಒಳಗ ಹೋದ್ರ ಫೋನ ಹತ್ತೂದಿಲ್ಲ. ಹೊರಗ ಕಟ್ಟಿಮ್ಯಾಗ ಬೇವಿನ ಗಿಡಕ್ಕ ಆತುಕೊಂಡ ನಿಂತೇನಿ. ಇಲ್ಲೂ ಒಮ್ಮೆ ಬರತೈತಿ, ಒಮ್ಮೆ ಹೋಗತೈತಿ. ಎಬ್ಸು ಅವರ್ನ. ಹುಚ್ಚವ್ವ ಮೂರ ದಿನದಿಂದ ಒಂದ ತುತ್ತ ತಿಂದಿಲ್ಲ ಅಂತ ಹೇಳು. ವಿಠ್ಠಲ ಎಲ್ಲೂ ಎದ್ದ ಹೋಗೂದಿಲ್ಲವ್ವಾ, ನನ್ನ ಹೇಂತಿ ಹೋಗ್ತಾಳ…

ರಾಮಕೃಷ್ಣ ಹರಿ, ಮಹಾರಾಜ್ರ. ಕನಕಪ್ಪರಿ… ಮರೋಳ, ಮರೋಳ…

ಯಾವ ಕನಕಪ್ಪ ಅಂದ್ರ… ಹನ್ನೊಂದ ವರ್ಷದ ಹಿಂದ ಕಾಮಣಿ ಆಗಿ ಸಾಯಾಕ ಬಿದ್ದಿದ್ನಲ್ರಿ, ಆ ಕನಕಪ್ಪ. ಬಾಗಲಕೋಟಿ ದವಾಖಾನಿಯಿಂದ ಮನಿಗೆ ಒಯ್ರಿ ಅಂದ ಕಳಿಸಿದ್ರು. ಕಣ್ಣ ಅರಿಷಿಣ ಆಗಿದ್ವು. ಆಗ ನಮ್ಮ ಹುಚ್ಚಿ ನಿಮ್ಮ ದಿಂಡಿ ಹಿಂದ ಓಡಿ ಬಂದ, ಚಂದ್ರಭಾಗಾ ಹೊಳ್ಯಾಗ ಮಿಂದು, ನಿಮ್ಮ ಕೈಲೆ ಕೊಳ್ಳಿಗೆ ತುಳಸಿ ಮಾಲಿ ಹಾಕಿಸಿಕೊಂಡ್ಳು. 'ನನ್ನ ಗಂಡ ಉಳೀಲಿ, ಸಾಯೂಮಟ ಮೀನ ಮುಟ್ಟೂದಿಲ್ಲ' ಅಂದಾಕಿ…

ಹಾಂ, ಆಕೀನರಿ! ನೆನಪಾತಲ್ಲ. ನೀವ ಅವತ್ತ ನಕ್ಕಿದ್ರಂತ. ಎಲ್ಲಾರೂ ಮಾಂಸ ಬಿಡ್ತೇನಿ ಅಂತಾರ, ನೀ ಮೀನಂದ ಅಷ್ಟ ಯಾಕ ಹೆಸರ ಹೇಳ್ತಿ ಅಂದ್ರಂತ. ಮಾಂಸ ಆಕೀಗೆ ಮೊದಲಿಂದ ಅಷ್ಟಕ್ಕಷ್ಟರಿ. ಮೀನ ಅಂದ್ರ ಜೀವ. ಹೊಳಿ ದಂಡಿ ಊರಾಗ ಹುಟ್ಟಿ ಬೆಳದಾಕಿ. ಸಣ್ಣ ಮೀನ ಇಡೀದಕ್ಕ ಇಡೀದ ಬಾಯಾಗ ಹಾಕ್ಕೊಂಡ, ನಮ್ಮ ಕೂಡ ಮಾತಾಡಕೋತ, ಬರೇ ಮುಳ್ಳಷ್ಟ ತಗದ ತಾಟಿನ ದಂಡೀಗೆ ಇಡ್ತಿದ್ಲು. ನಾ ಈಗ್ಲೂ ಮುಳ್ಳ ಸಿಕ್ಕೊಂಡ ಕೆಮ್ಮತೇನಿ. ಅಂಥಾಕಿ ಬಿಟ್ಲು. ಆಕಿ ಬಿಟ್ಟ ಮ್ಯಾಗ ನಮ್ಮನಿ ಒಲಿಮ್ಯಾಗ ಮೀನ ಏರಲಿಲ್ಲ. ನಾ ನಮ್ಮ ದೋಸ್ತ ಲಾಡಸಾಬನ ಮನ್ಯಾಗ ತಿಂದ, ಬಾಯಿ ಮುಕ್ಕಳಿಸಿ ಬರ್ತಿದ್ದೆ. ಆಕಿ ನನ್ನ ಕೈ ಹಿಡದ ಮೂಸಿ ನೋಡಾಕಿ. ಬೈತಾಳ ಅಂದಕೊಂಡಿದ್ದೆ. ಬೈತಿರಲಿಲ್ರಿ. ಸುಮ್ಮನ ಇನ್ನೊಂದ ಸಲ ಮೂಸ್ತಿದ್ಲು…

ಹೂಂ, ಅದಕ್ಕ ಬಂದೆ, ವಿಷಯಕ್ಕ ಬಂದೆ. ಆಕೀಗೆ ಟಿಬಿ ಆಗೇತ್ರಿ. ಐದ ತಿಂಗಳಾತು. ಗುಳಿಗಿ ನುಂಗ್ತಾಳ, ಮೈಗೆ ಹತ್ತವಲ್ದು. ಹುನಗುಂದ ದವಾಖಾನ್ಯಾಗ ನಾಗರತ್ನಾ ಅಂತ ಡಾಕ್ಟರ್ ಬಾಯಿ ಅದಾರ, ಭಾಳ ಒಳ್ಳೆವರು. ತೂಗಿ ನೋಡಿದ್ರು, ಮೂವತ್ತಮೂರ ಕಿಲೋ. 'ಕನಕಪ್ಪ, ಈಕಿ ಹೊಟ್ಟ್ಯಾಗ ತತ್ತಿ, ಮೀನ ಏನರ ಬೀಳಬೇಕು, ಬರೇ ಗುಳಿಗಿ ಒಂದ ಏನ ಮಾಡೀತು?' ಅಂದ್ರು. ಇಕಿ ಮಾಲಿ ಹಿಡಕೊಂಡ ತಲಿ ಅಲ್ಲಾಡಿಸಿದ್ಲು. ಮುಗೀತು…

ಹಾಲು, ಬ್ಯಾಳಿ? ಎಲ್ಲಾ ಆಗೇತ್ರಿ. ಹಾಲ ಕುಡದ್ರ ವಾಂತಿ. ಬ್ಯಾಳಿ ಎರಡ ಗುಟುಕಿಗೆ ಸಾಕ ಅಂತಾಳ. ಶೇಂಗಾ ಚಟ್ನಿ ಒಂದ ಬಾಯಿಗೆ ಹತ್ತತಿತ್ತು. ಅದನ್ನ ರೊಟ್ಟಿಗೆ ಹಚಗೊಂಡ ನೆಕ್ಕತಿದ್ಲು…

ಆ ಚಟ್ನೀನರಿ. ಅದನ್ನ ಹೇಳಾಕ ಫೋನ ಮಾಡೇನಿ. ತಪ್ಪ ಮಾಡೇನ್ರಿ ಮಹಾರಾಜ್ರ… ಹೇಳ್ತೇನಿ, ತಡೀರಿ, ಬಾಯಿ ಒಣಗಾಕತ್ತೈತಿ…

ಲಾಡಸಾಬ ಹಿನ್ನೀರಾಗ ಮೀನಿನ ಬಲಿ ಹಾಕ್ತಾನ. ಅಂವನ ಕಡೆ ಸಣ್ಣ ಮೀನ ಇಸಕೊಂಡೆ. ಅಂವನ ಮಾಳಗಿಮ್ಯಾಗ ಒಣಗಿಸಿದೆ, ನಮ್ಮನಿಗೆ ವಾಸ್ನಿ ಬರಬಾರದಂತ. ಒಂದ ಮುಳ್ಳ ಉಳೀದಂಗ ಕುಟ್ಟಿದೆ. ಆಮ್ಯಾಗ ಶೇಂಗಾ, ಬಳ್ಳೊಳ್ಳಿ, ಖಾರ, ಜೀರಗಿ… ಹಾಂ. ಹೌದ್ರಿ. ಶೇಂಗಾ ಚಟ್ನ್ಯಾಗ…

ಬೈರಿ. ಬೈರಿ, ಕೇಳ್ತೇನಿ…

ಲಾಡಸಾಬನೂ ಹೇಳಿದ್ದ. 'ಲೇ ಕನಕ್ಯಾ, ಹೇಳಿ ತಿನಿಸು. ಕದ್ದ ತಿನಿಸಿದ್ದ ಮೈಗೆ ಹತ್ತೂದಿಲ್ಲ' ಅಂತ. ಹೇಳಿದ್ರ ತಿಂತಾಳೇನೋ ಮೂಳಾ, ಅಂತ ಅಂವಗ ನಾನ ಬೈದೆ. ಹಗಲ ಕಂಡ ಬಾವ್ಯಾಗ ಇರಳ ಬಿದ್ದೇನಿ, ಯಾರಿಗೆ ಏನ ಅನ್ಲಿ?

ಖರೆ ಹತ್ತಿತ್ರಿ ಮೈಗೆ! ಹದಿನೇಳ ದಿನ. 'ಚಟ್ನಿ ಭಾಳ ಛಲೋ ಆಗೇತಲ್ಲ, ಯಾರ ಕುಟ್ಟಿದ್ರು?' ಅಂತ ಕೇಳಿದ್ಲು. ನಾನ ಅಂದೆ. ನಕ್ಲು. ನಲವತ್ತ ವರ್ಷದಾಗ ಇವತ್ತ ಕುಟ್ಟೂ ಒಳ್ಳ ಮುಟ್ಟಿದಿ ನೋಡು ಅಂದ್ಳು. ಒಂದ ರೊಟ್ಟಿ ತಿನ್ನಾಕಿ ಎರಡ ತಿಂದ್ಳು. ಗ್ವಾಡಿ ಹಿಡಕೊಂಡ ಈ ಕಟ್ಟಿತನಕಾ ಬಂದ ಕುಂತ್ಳು. ಡಾಕ್ಟರ್ ಬಾಯಿ ತೂಗಿದ್ರು, ಮೂವತ್ತೈದ ಆಗಿತ್ತು. ನಾ ಬೀರಪ್ಪನ ಗುಡಿಗೆ ಹೋಗಿ ಹಣಿತುಂಬ ಭಂಡಾರ ಹಚಗೊಂಡ ಬಂದೆ. ಕುಣಿಯೂದೊಂದ ಬಾಕಿ ಇತ್ತು…

ಗೊತ್ತಾತ್ರಿ. ಬೆಕ್ಕಿನಿಂದ ಗೊತ್ತಾತು…

ಬೆಕ್ಕರೀ, ಬೆಕ್ಕು! ನಮ್ಮನಿ ಬೆಕ್ಕ ಚಟ್ನಿ ಡಬ್ಬಿ ಬಿಟ್ಟ ಕದಲವಲ್ದು. ಒಳ್ಳಿನ್ಯಾಗ ಮಾರಿ ಹಾಕಿ ನೆಕ್ಕಾಕತ್ತಿತ್ತು. ಹುಚ್ಚಿ ತಾ ಮಲಗಿದ ಹೊರಸಿನ ಮ್ಯಾಲಿಂದ ನೋಡಿದ್ಲು. 'ಶೇಂಗಾ ಚಟ್ನಿಗೆ ಯಾವ ಊರ ಬೆಕ್ಕ ಬರತೈತಿ?' ಅಂದ್ಳು. ನಾ ಬೆಕ್ಕಿಗೆ ಒಂದ ಬಡದೆ. ಬಡೀಬಾರದಿತ್ರಿ. ಅದರಾಗ ಸಿಕ್ಕ ಬಿದ್ದೆ. ನಾ ಎಂದೂ ಆ ಬೆಕ್ಕಿಗೆ ಕೈ ಎತ್ತಿದಾವಲ್ಲ, ಆಕೀಗೆ ಗೊತ್ತು…

ಅಳಲಿಲ್ಲ. ಬೈಲಿಲ್ಲ. ಬೈದಿದ್ರ ಛಲೋ ಆಗ್ತಿತ್ತು. 'ಎಷ್ಟ ದಿನ ಆತು?' ಅಂದ್ಳು. ಹದಿನೇಳ ಅಂದೆ. ಮಾಲಿ ತಗದ ಗೂಟಕ್ಕ ಹಾಕಿಸಿದ್ಲು, ನನ್ನ ಕೈಲೇ ಹಾಕಿಸಿದ್ಲು. ಮಾರಿ ಗ್ವಾಡಿ ಕಡೆ ಹೊಳ್ಳಿಸಿದ್ಲು. ಅವತ್ತಿನಿಂದ ತುತ್ತಿಲ್ಲ, ಗುಳಿಗಿ ಇಲ್ಲ. ಎರಡ ಗುಟುಕ ನೀರ, ಅಷ್ಟ. ಲಾಡಸಾಬನ ಹೇಂತಿ ನಿನ್ನೆ ಗಂಜಿ ಮಾಡಿ ತಂದಿದ್ಲು. ಇಬ್ಬರೂ ಇಪ್ಪತ್ತ ವರ್ಷದ ಗೆಳತ್ಯಾರು. 'ಅದರಾಗ ಏನ ಹಾಕೀರೋ ಯಾರಿಗ್ಗೊತ್ತು' ಅಂದ್ಲ್ರಿ ಆಕೀಗೆ! ಪಾಪ, ಆಕಿ ಗಂಜಿ ಅಲ್ಲೇ ಇಟ್ಟ ಅಳಕೋತ ಹ್ವಾದ್ಳು. ನಾ ಮಾಡಿದ ತಪ್ಪಿಗೆ ಊರಾಗಿನ ಎಲ್ಲಾ ಅನ್ನಕ್ಕ ವಿಷ ಹತ್ತಿದಂಗ ಆಗೇತಿ…

ನನ್ನ ಊಟದ ಮಾತ ಬಿಡ್ರಿ. ನಾ ಗಟ್ಟಿ ಅದೇನಿ…

ಏನಂದ್ರಿ? ಹಲೋ? ಮಾತ ಹರೀತು… ಹಾಂ, ಈಗ ಹೇಳ್ರಿ. ತನ್ನ ಪಾಪಕ್ಕ ಅಂಜ್ಯಾಳ ಅಂದ್ರಾ? ಅಲ್ರಿ, ಅಲ್ಲ! ಹಂಗಿದ್ರ ನಾ ನಿಮ್ಮನ್ನ ಪೂಜ್ಯಾಗಿಂದ ಎಬ್ಬಸ್ತಿರಲಿಲ್ಲ. 'ನಾ ಮೀನ ಬಿಟ್ಟೆ, ವಿಠ್ಠಲ ನಿನ್ನ ಉಳಿಸಿದ. ಈಗ ತಿಂದೇನಿ, ಅಂವ ನಿನ್ನ ಒಯ್ಯಾಕ ಬರತಾನ. ನಾ ಮೊದಲ ಹೋದ್ರ ನಿನ್ನ ಬಿಟ್ಟಾನು' ಅಂತಾಳ. ನನ್ನ ಸಂಬಂಧ ಉಪವಾಸ ಬಿದ್ದಾಳ್ರಿ! ಅರವತ್ತಾರ ವರ್ಷದ ಮುದಿ ಜೀವ ಇದು. ಇದನ್ನ ಉಳಿಸಿಕೊಂಡ ಏನ ಉಪ್ಪಿನಕಾಯಿ ಹಾಕ್ತಾಳ?…

ಪಂಢರಪುರಕ್ಕ? ಚಂದ್ರಭಾಗ್ಯಾಗ ಮೀಸಿ, ಹೊಸಾ ಮಾಲಿ ಹಾಕ್ತೇನಿ ಅಂತೀರಿ… ಮಹಾರಾಜ್ರ, ಆಕೀನ್ನ ಹುನಗುಂದಕ್ಕ ಒಯ್ಯಾಕ ಆಗವಲ್ದು. ಸಲಾಯಿನ್ ಹಚ್ಚತೇವಿ ತೊಗೊಂಡ ಬಾ ಅಂತ ಡಾಕ್ಟರ್ ಬಾಯಿ ಹೇಳಿದ್ರು. ಗಾಡಿ ಬಂತು. ಹೊರಸಿನ ಕಾಲ ಹಿಡಕೊಂಡಾಕಿ ಬಿಡಲಿಲ್ಲ. ಆ ಕೈಯಾಗ ಅಷ್ಟ ಬಲ ಎಲ್ಲಿಂದ ಬಂತೋ! ಗಾಡಿಯಾಂವ ನೋಡಿ ನೋಡಿ ಹೊಳ್ಳಿ ಹ್ವಾದ…

ನಿಮಗ ಕೇಳೂದು ಒಂದ. ಫೋನಿನ್ಯಾಗ ಆಕೀಗೆ ಒಂದ ಮಾತ ಹೇಳ್ರಿ. 'ತಿಳೀದ ತಿಂದದ್ದು ದೋಷ ಅಲ್ಲ, ನಿನ್ನ ಗಂಡಗ ಏನೂ ಆಗೂದಿಲ್ಲ, ಉಣ್ಣು' ಅಂತ. ಮೀನ ತಿನ್ನು ಅನಬ್ಯಾಡ್ರಿ, ಅಂಬಲಿ ಕುಡದ್ರ ಸಾಕಾಗೇತಿ ಈಗ. ನಾ ಹೇಳಿದ್ರ ನಂಬೂದಿಲ್ಲ. ಹೆಂಗ ನಂಬ್ಯಾಳು, ಹದಿನೇಳ ದಿನ ಸುಳ್ಳ ಉಣಿಸಿದಾವ ನಾ. ನೀವು ಮಾಲಿ ಹಾಕಿದವರು. ನೀವ ಹೇಳಿದ್ರ ನಂಬ್ತಾಳ…

ಹಾಂ? ವಿಠ್ಠಲನ ಪರವಾಗಿ ನಾ ಹೆಂಗ ಹೇಳ್ಲಿ ಅಂತೀರಾ?… ಮಾಲಿ ಹಾಕೂ ಮುಂದ ವಿಠ್ಠಲನ್ನ ಕೇಳಿದ್ರೇನ್ರಿ ನೀವು?…

ಫೋನ ಇಡಬ್ಯಾಡ್ರಿ! ಸಿಟ್ಟಾಗಬ್ಯಾಡ್ರಿ, ಕಾಲ ಬೀಳ್ತೇನಿ. ನನ್ನ ಬಾಯಿ ಮೊದಲಿಂದ ಹಿಂಗ, ಸುಡಲಿ ಇದು. ನಮ್ಮ ಬೀರಪ್ಪ ಆಗಿದ್ರ ಒಂದ ಟಗರ ಕೊಟ್ಟು, ಭಂಡಾರ ಹಾರಿಸಿ, 'ಯಪ್ಪಾ ತಪ್ಪಾತು' ಅಂತ ಉದ್ದಕ ಬಿದ್ದ ಮುಗಸ್ತಿದ್ದೆ. ನಿಮ್ಮ ದೇವರ ಕೂಡ ಹೆಂಗ ಮಾತಾಡಬೇಕಂತ ನನಗ ಗೊತ್ತಿಲ್ಲ. ನಾ ಬಿಡ್ತೇನ್ರಿ ಎಲ್ಲಾ. ಮೀನ, ಮಾಂಸ, ತತ್ತಿ. ಗೂಟಕ್ಕ ಇರೂ ಆ ಮಾಲಿ ನಾನ ಹಾಕ್ಕೋತೇನಿ. ಈಗಿಂದೀಗ. ನನ್ನ ಮ್ಯಾಗ ಆಕಿಗಿರೂದು ಜೀವ, ನನಗಾದ್ರೂ ಆಕೀನ ಬಿಟ್ರ ಯಾರದಾರ ಹೇಳ್ರಿ?…

ಹೇಳ್ತೀರಾ? ಖರೇನಾ?… ಅಳಾಕತ್ತಿಲ್ರಿ… ಹೌದು, ಅಳಾಕತ್ತೇನಿ, ಏನೀಗ? ಹಂಗ ಹಿಡದಿರ್ರಿ ಫೋನ. ಒಳಗ ಹತ್ತೂದಿಲ್ಲ, ನಾ ಆಕೀನ್ನ ಹೊತಗೊಂಡ ಬರತೇನಿ. ಫೋನ ಇಲ್ಲೇ ಕಟ್ಟಿಮ್ಯಾಗ ಇಡತೇನಿ. ನೀವ ಇಡಬ್ಯಾಡ್ರಿ ಮತ್ತ…

ಏ ಹುಚ್ಚೀ… ಹುಚ್ಚೀ, ಕಣ್ಣ ತಗಿ. ಶಿರೂರ ಮಹಾರಾಜ್ರ ಫೋನಿನ್ಯಾಗ ಅದಾರ… ಸುಳ್ಳಲ್ಲ. ನಿನ್ನಾಣಿ. ನನ್ನ ಕೊಳ್ಳಿಗೆ ಕೈ ಹಾಕು. ಹಾಂ, ಹಂಗ…

ಹಲೋ, ಅದೀರೇನ್ರಿ? ಹಾಂ ಹಾಂ. ತಂದೇನಿ. ಕಟ್ಟಿಮ್ಯಾಗ ನನ್ನ ಎದೀಗೆ ಆನಿಸಿಕೊಂಡ ಕುಂದ್ರಿಸೇನಿ. ಒಂದ ಕುರಿಮರಿ ತೂಕ ಇಲ್ರಿ, ಆದ್ರೂ ನನಗ ತಲಿ ತಿರಗಿ ಎರಡ ಸಲ ನಿಂತೆ. ಹುಚ್ಚಿ, ಕಿವೀಗೆ ಹಿಡೀತೇನಿ, ಕೇಳು. ಹೇಳ್ರಿ ಮಹಾರಾಜ್ರ, ಆಕಿ ಕಿವ್ಯಾಗ ಐತಿ…

ಏನಂದ್ರು?… 'ರಾಮಕೃಷ್ಣ ಹರಿ' ಅಂದ್ರಾ? ಆಮ್ಯಾಗ?… ಆಮ್ಯಾಗ ಏನೂ ಅನ್ಲಿಲ್ಲಾ? ಕೊಡಿಲ್ಲೆ. ಹಲೋ? ಮಹಾರಾಜ್ರ? ಹಲೋ… ಹಲೋ…

…ಹಾಂ! ಹಾಂ ಮಹಾರಾಜ್ರ, ಕೇಳಸ್ತೈತ್ರಿ ಈಗ. ಹೇಳ್ರಿ… ಹೌದ್ರಿ… ದೋಷ ಇಲ್ಲಂತೀರಿ… ಗಂಡಗ ಏನೂ ಆಗೂದಿಲ್ಲ… ನೂರ ವರ್ಷ ಬಾಳತಾನ? ಆತ್ರಿ… ಉಣ್ಣಾಕ ಹೇಳ್ತೇನ್ರಿ. ಆತ್ರಿ, ಆತು. ಕೇಳಿದೇನ ಹುಚ್ಚಿ? ಅಂಬಲಿ ತರಲಿ?…

ಯಾಕ ಹಂಗ ನೋಡ್ತಿ?… ಫೋನಿನ ಬೆಳಕ ಆರೇತಿ ಅಂದ್ರ… ಅದ ಹಂಗ ಆರತೈತಿ. ಮಾತಾಡೂ ಮುಂದ… ಆರತೈತಿ…

ಹೌದು. ಆಗನ ಕಟ್ಟಾಗಿತ್ತು.

ಹೊಳ್ಳಿ ಹಚ್ಚತೇನಿ, ತಡಿ. ಖರೇನ ಅವರ ಹೇಳ್ತೇನಿ ಅಂದಿದ್ರು, ನಿನ್ನಾಣಿ… ಹತ್ತವಲ್ದು. ಇನ್ನೊಮ್ಮೆ ಹಚ್ಚತೇನಿ… ಹತ್ತವಲ್ದು ಹುಚ್ಚಿ…

ಕೈ ಯಾಕ ಹಿಡದಿ ನಂದು?… ಮೂಸಬ್ಯಾಡ. ಏನೂ ಇಲ್ಲ ಅದರಾಗ. ಮೂರ ದಿನ ಆತು, ನಾನೂ ಉಂಡಿಲ್ಲ.