ಒಂದು ಚರಿಗಿ ನೀರು

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಲಿಂಗಸುಗೂರು ಬಸ್ಸಿಗೆ ಕಾದು ಕಾದು ಮಹೇಶ್ವರಿಗೆ ತೂಕಡಿಕೆ ಬಂದಿತ್ತು. ಪಕ್ಕದಲ್ಲೇ ಯೂರಿಯಾ ಚೀಲವೊಂದು ಧೊಪ್ಪೆಂದು ಬಿದ್ದಾಗ ಕಣ್ಣು ತೆರೆದಳು. ಚೀಲ ಇಳಿಸಿದವಳು ಮಸ್ಕಿಯಿಂದ ಬಂದ ಹೆಂಗಸು. ಅಲ್ಲಿ ಅವಳಿಗಾಗಿ ಕಾಯುತ್ತಿದ್ದವನು ಅವಳ ತಮ್ಮನೆಂದು ಅವರ ಮಾತಿನಿಂದಲೇ ಮಹೇಶ್ವರಿಗೆ ತಿಳಿಯಿತು.

“ತಗೋ ಗ್ಯಾನಪ್ಪ, ನಮ್ಮ ಹೊಲದ ಮಸಾರಿ ಮಣ್ಣು. ಹೆಂಗ ಕೆಂಪಗೈತಿ ನೋಡು.”

“ಭಾಳ ತ್ರಾಸ ಕೊಟ್ಟೆ ಅಕ್ಕಾ.”

“ಮೊದ್ಲು ಹೈದರಾಬಾದಿಗೆ ಒಯ್ದ ಕರಿ ಎರಿಮಣ್ಣು ಏನಾತು?”

“ವಾಪಸ್ ತಂದು ನಮ್ಮೂರು ಮುಕ್ಕುಂದದ ಗದ್ದ್ಯಾಗ ಸುರುವಿ ಬಂದೀನಿ. ಕೆಲಸದ ಮನಿ ಎಂಟನೇ ಮಾಳಿಗಿಂದ ಹೊತ್ತು ಇಳಿಸಿದೆ. ಮಣ್ಣಿನ ಚೀಲಕ್ಕ ಲಿಫ್ಟ್ ಇಲ್ಲಂತ.”

“ಅಂಥಾ ಚಲೋ ಮಣ್ಣು ಯಾಕ ಬ್ಯಾಡಾತು?”

“ಬಾಲ್ಕನ್ಯಾಗ ಕುಂಡದ ತುಂಬ ನೀರು ನಿಲ್ಲಿಸಿದೆ. ಎರಿಮಣ್ಣು ನೀರು ಬಿಡಲಿಲ್ಲ, ಮಲ್ಲಿಗಿ ಬೇರು ಕೊಳೀತು. ಕೆಳಗಿನ ಮನಿ ಗೋಡಿ ನೆನೀತು.”

“ಎಂಟನೇ ಮಾಳಿಗಿ ಮ್ಯಾಲ ನೆಲ್ಲು ಹಚ್ಚಿದ್ದೇನಲೇ?”

“ನಗಬ್ಯಾಡ ಅಕ್ಕಾ. ಇನ್ನೊಮ್ಮಿ ಸೋರಿದ್ರ ಮಾಲಿ ಕೆಲಸ ಬಿಡು ಅಂದಾರ ಮನಿ ಅಮ್ಮಾರು.”

“ಬಿಟ್ಟು ಊರಿಗೆ ಬಾ.”

“ಇರಾಕ ರೂಮು ಅವರಾ ಕೊಟ್ಟಾರ. ಮಕ್ಕಳ ಸಾಲಿ ಅಲ್ಲೇ ನಡದೈತಿ. ಹೆಂಗ ಬಿಡ್ಲಿ?”

ಅಕ್ಕ ಚೀಲದ ಬಾಯಿ ಬಿಗಿದು ಕಟ್ಟಿದಳು.

“ಹಂಗಾದ್ರ ಕೇಳು. ನೀವು ತವರಿನವರು ಕಾಲುವಿ ಮಂದಿ, ನೀರು ಕಂಡ್ರ ಕೈ ನಿಲ್ಲಂಗಿಲ್ಲ. ಒಂದು ಕುಂಡಕ್ಕ ಒಂದಾ ಚರಿಗಿ.”

“ಬಿಸಲಿಗೆ ಬಾಡಿದ್ರ?”

“ಬಾಡಿದ್ರೂ ಒಂದಾ. ಸಂಜಿಗಿ ತಾನಾ ಏಳ್ತೈತಿ.”

“ಮನಸು ತಡಿಯಂಗಿಲ್ಲ ಅಕ್ಕಾ.”

“ಮನಸು ಬಿಡು, ಕೈ ತಡಿ.”

ಹೈದರಾಬಾದ್ ಬಸ್ಸು ಬಂತು. ಗ್ಯಾನಪ್ಪ ಸೊಂಟ ಹಿಡಿದುಕೊಂಡು ಎದ್ದು ಚೀಲ ಹೆಗಲಿಗೇರಿಸಿದ. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಹೊರಗೆ ಚಾಚಿ ಅಕ್ಕನಿಗೆ ಒಂದು ಬೆರಳು ತೋರಿಸಿದ.