ಹತ್ತು ನಿಮಿಷ ಎಂದು ಬರೆದವರು

ತಿರುಗಿದರೆ ಗುರುತು ಹಿಡಿದುಬಿಡುತ್ತಾನೋ ಏನೋ! ಗಲ್ಫ್ ದೇಶವೊಂದರ ಸರ್ಕಾರಿ ಕಚೇರಿಯಲ್ಲಿ ಟೋಕನ್ ಹಿಡಿದು ಕುಳಿತ ಶೈಲೇಶನಿಗೆ ಅನುಮಾನ. ಹಿಂದಿನ ಕುರ್ಚಿಯಲ್ಲಿ, ಇಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆಂದು ಸಮೀಕ್ಷೆ ನಡೆಸಿದ್ದ ಸಂಶೋಧಕ ಮರ್ವಿನ್, ಪರಿಚಯದ ನೀರಜಾಕ್ಷಿಯೊಡನೆ ಮಾತಾಡುತ್ತಿದ್ದ.

“ಸಂಶೋಧನೆಗೆ ಅನುದಾನ ಬಂತಾ ಮಾರಾಯ?”

“ನಿಂತೋಯ್ತು ಅಕ್ಕ. ಇಲ್ಲಿ ಸುಧಾರಿಸ್ಲಿಕ್ಕೆ ಎಂತದೂ ಇಲ್ವಂತೆ.”

“ಮೂರು ಗಂಟೆ ಕಾಯೂದು ಎಂತದೂ ಅಲ್ವಾ?”

“ಕಾದವರೇ ಫಾರ್ಮಲ್ಲಿ ಹತ್ತು ನಿಮಿಷ ಅಂತ ಬರೆದ್ರು. ಅದೂ ನಮ್ಮ ಊರಿನವರು.”

“ವೀಸಾಕ್ಕೆ ತೊಂದರೆಯಾದೀತು ಅಂತ ಹೆದರಿಕೆ.”

“ಫಾರ್ಮಲ್ಲಿ ಹೆಸರೇ ಕೇಳಿರ್ಲಿಲ್ಲ ನಾನು! ಈಗ ನನ್ನ ಕೆಲಸ ಹೋಯ್ತು, ಗುದೈಬಿಯಾದ ರೂಮೂ ಖಾಲಿ ಮಾಡ್ಬೇಕು. ನೀವೆಷ್ಟು ಬರೆದಿದ್ರಿ ಅಕ್ಕ?”

“ನಾನಾ?... ಹದಿನೈದು.”

ಮರ್ವಿನ್ ತನ್ನ ನಂಬರು ಬಂದಾಗ ಅವಳಿಗೂ ಹೇಳದೆ ಎದ್ದುಹೋದ.

ತಾನೂ ಹತ್ತು ನಿಮಿಷವೆಂದೇ ಬರೆದಿದ್ದೆ ಎಂದು ಶೈಲೇಶ ಅವನಿಗೆ ಹೇಳಲೇ ಇಲ್ಲ.