ಬೋರ್ಡಿಗೆ ಗಾಳಿ ಬೀಸುವ ಅಣ್ಣ

ಸ್ವಲ್ಪ ಹತ್ತಿರ ಬನ್ನಿ, ಇದು ಜೋರಾಗಿ ಹೇಳುವ ಕತೆಯಲ್ಲ. ಕತೆಯೂ ಅಲ್ಲ ಬಿಡಿ, ನಡೆದದ್ದು. ನಮ್ಮ ಚಿಕ್ಕಮ್ಮನ ಕಿರಿಮಗ ಗಡಿಬಿಡಿಗೆ ಆದದ್ದು. ಅವನಿಗೂ ಒಂದು ಹೆಸರಿದೆ. ಆದರೆ ಬಲಗಾಲಿಗೆ ಎಡಗಾಲಿನ ಚಪ್ಪಲಿ ಮೆಟ್ಟಿಕೊಂಡು ಓಡುವವನನ್ನು ಇನ್ನೇನಂತ ಕರೆಯೋದು?

ಅವತ್ತು ತಡರಾತ್ರಿ ಅಂಗಡಿ ಮುಚ್ಚಿ ಮನೆಗೆ ನಡೆದು ಹೊರಟಿದ್ದ. ಫ್ಲೆಕ್ಸ್ ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ. ಓಣಿಯ ತುದಿಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅಲ್ಲಿಗೆ ಬಂದಾಗ ಕೇಳಿಸಿತು… ಪಟ್. ಪಟ್. ಪಟ್. ಪಾರಿವಾಳ ಸಿಕ್ಕಿಕೊಂಡಿರಬೇಕು ಅಂತ ಬಗ್ಗಿ ನೋಡಿದ. ಬಾವಿ ತೆಪ್ಪಗಿತ್ತು. ಸದ್ದು ಬರುತ್ತಿದ್ದದ್ದು ಬೆನ್ನ ಹಿಂದಿನಿಂದ… ಅಂಗಡಿಯ ಒಳಗಿನಿಂದ.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು.

ಅವನ ಅಣ್ಣ ಬದುಕಿದ್ದಾಗ ಪ್ರಿಂಟಿಂಗ್ ಮಷೀನು ಅಣ್ಣನ ಕೈಯಲ್ಲೇ ಇತ್ತು. ಇಂಕು ಚಿಮ್ಮುವ ಹೆಡ್ಡನ್ನು ಕುಣಿಸುವ ಸರ್ಕ್ಯೂಟ್ ಬೋರ್ಡು ಪಕ್ಕದ ಪೆಟ್ಟಿಗೆಯಲ್ಲಿರುತ್ತೆ. ದೊಡ್ಡ ಕೆಲಸ ಬಂದರೆ ಹೆಂಚಿನ ಹಾಗೆ ಕಾಯುತ್ತೆ. ಕೆಳಗಿನ ಫ್ಯಾನು ಗಾಳಿ ಒಳಗೆ ಊದಬೇಕು, ಮೇಲಿನದು ಬಿಸಿಯನ್ನು ಹೊರಹಾಕಬೇಕು. ಮೇಲಿನದು ಇಂಕಿನ ಹನಿ ಮೆತ್ತಿಕೊಂಡು ಮುಷ್ಕರ ಹೂಡಿ ಯಾವ ಕಾಲವಾಗಿತ್ತೋ! ಬೋರ್ಡು ಆರಲಿ ಅಂತ ನಡುವೆ ನಿಲ್ಲಿಸಿದರೆ ಬ್ಯಾನರಿನ ಮೇಲೆ ಅಡ್ಡಗೆರೆ ಬೀಳುತ್ತೆ, ಗಿರಾಕಿ ಮುಖಕ್ಕೆ ಎಸೆದು ಹೋಗುತ್ತಾನೆ. ಅದಕ್ಕೆ ಅಣ್ಣ ನಿಲ್ಲಿಸುತ್ತಲೇ ಇರಲಿಲ್ಲ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಸ್ಟೂಲು ಎಳೆದುಕೊಂಡು, ರಟ್ಟಿನ ತುಂಡು ಹಿಡಿದು ಗಾಳಿ ಬೀಸುತ್ತಾ ಕೂರುತ್ತಿದ್ದ. ಪಟ್… ಪಟ್… ಅತ್ತಿಗೆ ಫೋನ್ ಮಾಡಿದರೆ, "ಇದೊಂದು ಮುಗೀಲಿ, ಬಂದೆ" ಅನ್ನುತ್ತಿದ್ದ. ಹಾಗೆ ಬೀಸುತ್ತಲೇ ಒಂದು ರಾತ್ರಿ ಎದೆ ಹಿಡಿದುಕೊಂಡು ಕುಸಿದ. ಎತ್ತಿ ಕೂರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಗಡಿಬಿಡಿ ಬಾವಿಯ ಹತ್ತಿರದಿಂದ ವಾಪಸು ಬಂದ. ಶಟರ್ ಎತ್ತಿದ. ಮಷೀನು ಆಫಾಗಿತ್ತು. ಸ್ಟೂಲು ಖಾಲಿ. ಪೆಟ್ಟಿಗೆಯ ಹತ್ತಿರ ಮಾತ್ರ… ಪಟ್. ಪಟ್.

"ಅಣ್ಣಾ…?" ಅಂದ.

ಸದ್ದು ನಿಂತಿತು. ಆಮೇಲೆ, ಕಿವಿಯ ಪಕ್ಕದಲ್ಲೇ…

"ಇದೊಂದು ಮುಗೀಲಿ."

ಓಡಿದ ನೋಡಿ! ಮನೆಗೆ ಹೋಗಿ ಅತ್ತಿಗೆಯ ಮುಂದೆ ಎಲ್ಲ ಹೇಳಿದ. ಅವಳು ಕಿರುಚಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ಮೆಲ್ಲಗೆ ಅಂದಳು: "ಇದ್ದಾಗಂತೂ ಒಂದು ಗಳಿಗೆ ಕೂರಲಿಲ್ಲ. ಹೋದ ಮೇಲಾದ್ರೂ ಬೇಡ್ವಾ? ಹೇಗಾದ್ರೂ ಮಾಡಿ ಅವರನ್ನ ಅಲ್ಲಿಂದ ಬಿಡಿಸಪ್ಪ."

ಮರುದಿನವೇ ಮೇಲಿನ ಜಾಗಕ್ಕೆ ಹೊಸ ಫ್ಯಾನು ತಂದ. ಸ್ಕ್ರೂ ಬಿಗಿದು ಕೈಮುಗಿದ. "ಅಣ್ಣ, ಇನ್ನು ನೀನು ಬೀಸೋದು ಬೇಡ. ಹೋಗಿ ಮಲಗು." ಆ ರಾತ್ರಿ ಮಷೀನಿನಲ್ಲಿ ದೊಡ್ಡ ಬ್ಯಾನರೊಂದು ಓಡುತ್ತಿತ್ತು. ಹೊತ್ತು ಕಳೆದಂತೆ ಶುರುವಾಯಿತು… ಪಟಪಟಪಟಪಟ. ಜೊತೆಗೆ ಏದುಸಿರು. ಹುಸ್… ಹುಸ್… ಪೆಟ್ಟಿಗೆ ಮುಟ್ಟಿದರೆ ಕೈ ಸುಟ್ಟಿತು. ಟಾರ್ಚ್ ಹಿಡಿದು ನೋಡುತ್ತಾನೆ, ಫ್ಯಾನಿನ ಮೈಮೇಲಿನ ಬಾಣದ ಗುರುತು ಒಳಮುಖವಾಗಿದೆ! ಅವಸರದಲ್ಲಿ ತಿರುಗುಮುರುಗಾಗಿ ಕೂರಿಸಿದ್ದ. ಕೆಳಗಿನದೂ ಒಳಗೇ ಊದುತ್ತೆ, ಮೇಲಿನದೂ ಒಳಗೇ. ಬಿಸಿಗೆ ಹೊರದಾರಿಯೇ ಇಲ್ಲ. ಬಿಡುವು ಕೊಡಿಸಲು ಹೋಗಿ, ಸತ್ತ ಅಣ್ಣನ ಕೈಗೆ ಎರಡರಷ್ಟು ಕೆಲಸ ಹೇರಿದ್ದ. ಹಣೆ ಚಚ್ಚಿಕೊಂಡು ಅತ್ತುಬಿಟ್ಟ, ಪಾಪ.

ಅಳುತ್ತಲೇ ಬಿಚ್ಚಿ ಸರಿಯಾಗಿ ಕೂರಿಸಿದ. ಬೋರ್ಡು ತಣ್ಣಗಾಯಿತು. ಉಸಿರು ನಿಧಾನವಾಯಿತು. ಆದರೆ… ಪಟ್. ಪಟ್. ಮಷೀನು ನಿಲ್ಲಿಸಿದ. ಪ್ಲಗ್ಗೇ ಕಿತ್ತ.

"ಎಲ್ಲಾ ಮುಗೀತಲ್ಲಣ್ಣಾ… ಇನ್ನೇನಿದೆ?"

"ಇದೊಂದು…"

ಬೆಳಗಾಗುವ ತನಕ ಗಡಿಬಿಡಿ ಅಣ್ಣನ ಸ್ಟೂಲಿನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದನಂತೆ. ಬೇರೇನು ಮಾಡಿಯಾನು? ಕೈ ಹಿಡಿದು ನಿಲ್ಲಿಸೋಣವೆಂದರೆ ಹಿಡಿಯಲು ಕೈ ಇರಬೇಕಲ್ಲ.

ಕೊನೆಗೆ ಅತ್ತಿಗೆಯೇ ಹೇಳಿದಳು, ಮಷೀನು ತೆಗೆದುಬಿಡು ಅಂತ. ಗುಜರಿಯವನು ಬಂದು ಬಿಡಿಬಿಡಿಯಾಗಿ ಕಳಚಿಕೊಂಡು ಹೋದ. ಅಂದು ಸಂಜೆ ಖಾಲಿ ಅಂಗಡಿಯಲ್ಲಿ ಗಡಿಬಿಡಿ ಕಿವಿಗೊಟ್ಟು ನಿಂತ. ಏನೂ ಇಲ್ಲ. ಅಣ್ಣ ಹೋದ ಅಂತ ಮೊದಲ ಸಲ ನೆಮ್ಮದಿಯಾಗಿ ಉಸಿರುಬಿಟ್ಟ.

ಆ ರಾತ್ರಿ ಕರೆಂಟು ಹೋಯಿತು. ಕಡುಬೇಸಿಗೆ. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿದ್ದರು, ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ. ಹಜಾರದಲ್ಲಿ ಮಲಗಿದ್ದ ಗಡಿಬಿಡಿಗೆ ಎಚ್ಚರವಾಯಿತು. ಒಳಕೋಣೆಯಿಂದ… ಪಟ್. ಪಟ್. ಪಟ್.

ಆಮೇಲೆ ಅತ್ತಿಗೆಯ ಪಿಸುದನಿ.

"ಸಾಕು ರೀ… ಮಗು ಮಲಗಿದೆ. ನೀವೂ ಮಲಗಿ."

ಒಂದು ಗಳಿಗೆ ಸುಮ್ಮನಾಯಿತು. ಮತ್ತೆ… ಪಟ್.

ಗಡಿಬಿಡಿ ಹೊದಿಕೆ ಬಾಯಿಗೆ ತುರುಕಿಕೊಂಡು ಅತ್ತ. ಎದ್ದು ಹೋಗಲಿಲ್ಲ.

ನಂಬುವವರು ನಂಬಿ, ಬಿಡುವವರು ಬಿಡಿ. ಬೆಳಿಗ್ಗೆ ಮನೆಮಂದಿಯೆಲ್ಲ ಬೆವರಲ್ಲಿ ಮಿಂದು ಎದ್ದರು. ಮಗುವಿನ ಮೈ ಮಾತ್ರ ತಣ್ಣಗಿತ್ತು, ನೆಗಡಿಯಾಗಿತ್ತು. ಮೂಗಿಗೆ ಹಾಕುವ ಹನಿ ತರಲು ಔಷಧಿ ಅಂಗಡಿಗೆ ಹೋಗಿದ್ದು ನಾನೇ.